ಎರಡು ವಾಚು, ಒಂದು ಸಪೂರ ಕೈ

ಪ್ರಶ್ನೆ: ಸರ್, ಉಡುಪಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ನಿವೃತ್ತಿಗೆ ಮೊದಲು ಒಂದು ಒಳ್ಳೆಯ ವಾಚ್ ಕೊಳ್ಳುವ ಆಸೆ. ಡೇಟ್ ಇಲ್ಲದ ರೋಲೆಕ್ಸ್ ಸಬ್‌ಮರೀನರ್ ಒಳ್ಳೆಯದೋ, ಒಮೆಗಾ ಸೀಮಾಸ್ಟರ್ ಡೈವರ್ 300 ಎಂ ಒಳ್ಳೆಯದೋ? ಯಾವುದು ಟೈಮ್ ಸರಿ ತೋರಿಸುತ್ತದೆ? ರಜೆಯಲ್ಲಿ ವಾಚ್ ಕಟ್ಟುವುದಿಲ್ಲ. ಕೈ ಸ್ವಲ್ಪ ಸಪೂರ.

ಉತ್ತರ: ಟೈಮಿನ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಬರೀ ಟೈಮ್ ಬೇಕಿದ್ದರೆ ಸಾವಿರ ರೂಪಾಯಿಯ ಸೆಲ್ ವಾಚ್ ಸಾಕು, ಅದು ಎರಡನ್ನೂ ಸೋಲಿಸುತ್ತದೆ. ರೋಲೆಕ್ಸ್ ಹೇಳುವ ಲೆಕ್ಕ ದಿನಕ್ಕೆ 2 ಸೆಕೆಂಡ್ ಹಿಂದೆ ಮುಂದೆ. ಒಮೆಗಾದ್ದು 0ಯಿಂದ 5 ಸೆಕೆಂಡ್ ಮುಂದೆ. ಇಷ್ಟಕ್ಕೆ ಲಕ್ಷಗಟ್ಟಲೆ ಹಣದ ತೀರ್ಮಾನ ಮಾಡುವುದಾ?

ನೀವು ಕೇಳದೆ ಬಿಟ್ಟದ್ದೇ ಮುಖ್ಯ. ಇವೆರಡಕ್ಕೂ ಸೆಲ್ ಇಲ್ಲ. ಕಟ್ಟಿದ ಕೈ ಅಲುಗಿದಾಗ ಕೀ ತುಂಬುತ್ತದೆ, ಬಿಚ್ಚಿಟ್ಟರೆ ಕೀ ಮುಗಿದಾಗ ನಿಲ್ಲುತ್ತದೆ. ಎರಡನೇ ಶನಿವಾರದ ವಾರ ಶುಕ್ರವಾರ ರಾತ್ರಿ ಎಂಟಕ್ಕೆ ವಾಚ್ ಬಿಚ್ಚಿಡುತ್ತೀರಿ ಅಂದುಕೊಳ್ಳಿ. ಪೂರ್ತಿ ಕೀ ಇದ್ದರೆ ಸಬ್‌ಮರೀನರ್ 70 ಗಂಟೆ ನಡೆಯುತ್ತದೆ, ಸೋಮವಾರ ಬೆಳಿಗ್ಗೆ ಹಾಗೇ ಕಟ್ಟಿ ಹೊರಡಬಹುದು. ಸೀಮಾಸ್ಟರ್‌ನದು 55 ಗಂಟೆ. ಸೋಮವಾರ ನಸುಕಿನ ಮೂರಕ್ಕೆ ನಿಂತಿರುತ್ತದೆ. ಆಗ ಮೊದಲು ಮುಳ್ಳನ್ನು ಆರರ ಹತ್ತಿರ ತನ್ನಿ, ಆಮೇಲೆ ಡೇಟ್ ಸರಿ ಮಾಡಿ. ರಾತ್ರಿ ಒಂಬತ್ತರಿಂದ ಮೂರರ ಮಧ್ಯೆ ಮುಳ್ಳು ಇದ್ದಾಗ ಡೇಟ್ ತಿರುಗಿಸಬೇಡಿ ಅಂತ ನಾನು ಎಲ್ಲ ವಾಚಿಗೂ ಹೇಳುತ್ತೇನೆ. ಹಲ್ಲು ಮುರಿದ ಚಕ್ರಗಳನ್ನು ಬಹಳ ನೋಡಿದ್ದೇನೆ.

ಇನ್ನು ಸಪೂರ ಕೈ. ಸಬ್‌ಮರೀನರ್ ಅಗಲ 41 ಮಿ.ಮೀ., ಸೀಮಾಸ್ಟರ್ 42 ಮಿ.ಮೀ. ಎಂದು ಕಾಗದದಲ್ಲಿ ಓದಿದರೆ ಏನೂ ತಿಳಿಯುವುದಿಲ್ಲ. ಒಮೆಗಾ ಸುಮಾರು ಒಂದು ಮಿ.ಮೀ. ದಪ್ಪ ಜಾಸ್ತಿ, ತುಂಬುತೋಳಿನ ಅಂಗಿಗೆ ಸಿಕ್ಕಿಕೊಳ್ಳಬಹುದು. ಬ್ಯಾಂಕಿಗೆ ಹಾಕುವ ಅಂಗಿಯಲ್ಲೇ ಅಂಗಡಿಗೆ ಹೋಗಿ. ಅರ್ಧ ಗಂಟೆ ಕಟ್ಟಿಕೊಂಡು ಕೂತಿರಿ. ನಮ್ಮ ಮೇ ತಿಂಗಳ ಸೆಕೆಗೆ ಕೈ ಊದುತ್ತದೆ, ಅಲ್ವಾ? ಸಬ್‌ಮರೀನರ್ ಚೈನನ್ನು ಕೊಂಡಿಯಲ್ಲೇ 2 ಮಿ.ಮೀ. ಲೆಕ್ಕದಲ್ಲಿ ಸಡಿಲಿಸಬಹುದು. ಒಮೆಗಾದಲ್ಲೂ ಸಡಿಲಿಸುವ ಗುಂಡಿ ಇದೆ. ಎರಡನ್ನೂ ನೀವೇ ಒತ್ತಿ ನೋಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಸೀಮಾಸ್ಟರ್ ತೆಗೆದುಕೊಳ್ಳುತ್ತಿದ್ದೆ. ದಿನವಿಡೀ ತಾರೀಕು ಬರೆಯುವವರಿಗೆ ಡೇಟ್ ಇಲ್ಲದ ವಾಚ್ ಯಾಕೆ? ಅಯಸ್ಕಾಂತಕ್ಕೂ ಅದು ಗಟ್ಟಿ, 15,000 ಗಾಸ್‌ವರೆಗೆ (ಗಾಸ್ ಅಂದರೆ ಅಯಸ್ಕಾಂತದ ಬಲದ ಅಳತೆ) ಪರೀಕ್ಷೆ ಆಗಿರುತ್ತದೆ. ರೋಲೆಕ್ಸ್‌ಗಿಂತ ಬೆಲೆಯೂ ಕಡಿಮೆ, ಉಳಿದ ಹಣ ಮುಂದೆ ಸರ್ವಿಸಿಗೆ ಆಯಿತು. ಮಾರುವಾಗ ರೋಲೆಕ್ಸ್‌ಗೆ ಬೆಲೆ ಜಾಸ್ತಿ ನಿಲ್ಲುತ್ತದೆ, ನಿಜ. ಆದರೆ ನೀವು ಕೊಳ್ಳುವುದು ಕಟ್ಟಲಿಕ್ಕೆ ತಾನೆ? ರೋಲೆಕ್ಸೇ ಬೇಕು ಅಂತಿದ್ದರೆ ಅಧಿಕೃತ ಅಂಗಡಿಯಲ್ಲಿ ಹೆಸರು ಬರೆಸಿ ಕಾಯಿರಿ. ‘ನಾಳೆಯೇ ಕೊಡ್ತೇನೆ, ಸ್ವಲ್ಪ ಜಾಸ್ತಿ ಕೊಡಿ’ ಅನ್ನುವ ದಲ್ಲಾಳಿಯ ಕೈಗೆ ದುಡ್ಡು ಕೊಡಬೇಡಿ.

ಯಾವುದೇ ಕೊಂಡರೂ ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಪ್ರೆಶರ್ ಟೆಸ್ಟ್ (ನೀರು ಒಳಗೆ ಹೋಗುತ್ತದಾ ಎನ್ನುವ ಪರೀಕ್ಷೆ) ಮಾಡಿಸಿ. ನಮ್ಮ ಉಪ್ಪು ಗಾಳಿ, ಬೆವರಿಗೆ ನೀರು ತಡೆಯುವ ವಾಷರ್ ಹಾಳಾಗುತ್ತದೆ.

ಪ್ರಶ್ನೆ: ವಾಚು 300 ಮೀಟರ್‌ವರೆಗೆ ನೀರು ತಡೆಯುತ್ತದೆ ಎಂದಿದೆ. ಬಿಸಿನೀರಿನ ಸ್ನಾನಕ್ಕೆ ಕಟ್ಟಬಹುದಾ?

ಉತ್ತರ: ಬೇಡ. ಬಚ್ಚಲಿನ ಹಬೆ, ಸೋಪು ಎರಡೂ ವಾಷರ್‌ಗೆ ಆಗುವುದಿಲ್ಲ.

ಪ್ರಶ್ನೆ: ದುಬೈಯಿಂದ ತಂದ ‘ಫಸ್ಟ್ ಕಾಪಿ’ ಹೇಗೆ?

ಉತ್ತರ: ಅದು ನಕಲಿ ಮಾಲು. ನಾನು ಅದನ್ನು ಮುಟ್ಟುವುದೂ ಇಲ್ಲ.

ಪ್ರಶ್ನೆ: ಆನ್‌ಲೈನಿನಲ್ಲಿ ಹಳೆಯ ಎಚ್ಎಂಟಿ ಫಳಫಳ ಹೊಸ ಡಯಲಿನೊಂದಿಗೆ ಸಿಗುತ್ತಿದೆ. ಕೊಳ್ಳಲಾ?

ಉತ್ತರ: ಡಯಲಿಗೆ ಮತ್ತೆ ಬಣ್ಣ ಹೊಡೆದಿರುತ್ತಾರೆ. ಬಿಡಿ.

ಪ್ರಶ್ನೆ: ಪಣಂಬೂರು ಬೀಚಿಗೆ ಹೋದಾಗ ವಾಚಿಗೆ ನೀರು ಹೋಯಿತು. ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ. ಎಷ್ಟು ದಿನ ಇಡಬೇಕು?

ಉತ್ತರ: ಒಂದು ನಿಮಿಷವೂ ಬೇಡ ಮಾರಾಯ್ರೇ! ಒಳಗಿನ ಉಪ್ಪು ನೀರನ್ನು ಅಕ್ಕಿ ಹೀರುವುದಿಲ್ಲ. ಅದು ಅಲ್ಲೇ ಕೂತು ಸ್ಟೀಲಿನ ಭಾಗಗಳನ್ನು ತುಕ್ಕು ಹಿಡಿಸುತ್ತದೆ. ರಸ್ತೆ ಬದಿಯಲ್ಲಿ ಚಾಕುವಿನಿಂದ ಹಿಂಬದಿ ತೆಗೆದು ಎಣ್ಣೆ ಸ್ಪ್ರೇ ಹೊಡೆಯುವವರ ಹತ್ತಿರವೂ ಹೋಗಬೇಡಿ. ಅದು ರಿಪೇರಿ ಅಲ್ಲ, ಕೊಲೆ. ಹೆಚ್ಚಿನ ಸಲ ನೀರು ಹೋಗುವುದು ಕೀಯ ತಿರುಪು ಬಿಗಿ ಮಾಡಲು ಮರೆತದ್ದರಿಂದ. ಗೊತ್ತಿರುವ ರಿಪೇರಿಯವರ ಹತ್ತಿರ ಇವತ್ತೇ ಬಿಚ್ಚಿಸಿ, ತೊಳೆಸಿ, ಒಣಗಿಸಿ. ನಾಳೆಯವರೆಗೆ ಕಾಯಬೇಡಿ.