ತೂಗುವುದು ನಿಂತರೆ ಎಚ್ಚರವಾಗುವ ಕೂಸಿಗೆ
ಏಳು ತಿಂಗಳ ಮಗು ತೊಟ್ಟಿಲು ನಿಂತೊಡನೆ ಎದ್ದು ಅಳುತ್ತದೆ, ಎಮ್ಮೆ ಹಾಲು ಕುಡಿಸು ಎಂದು ಅತ್ತೆಯವರು ಹೇಳುತ್ತಾರೆ ಎಂದಿರಿ. ಎಮ್ಮೆ ಹಾಲು ಈಗಲೇ ಬೇಡ ಅಕ್ಕ. ಎದೆಹಾಲು, ಜೊತೆಗೆ ಮೆತ್ತಗಿನ ಊಟ ಸಾಕು. ಇದು ಹಸಿವಿಗಿಂತ ರೂಢಿ ಇದ್ದೀತು. ನಿದ್ದೆ ಆಗಾಗ ತೆಳುವಾಗುತ್ತದೆ. ತೂಗಿಸಿಕೊಂಡೇ ಮಲಗಿದ ಕೂಸು ಆಗ ಮತ್ತೆ ತೂಗುವ ಕೈಯನ್ನೇ ಹುಡುಕುತ್ತದೆ. ಕಣ್ಣು ಎಳೆಯತೊಡಗಿದಾಗಲೇ ತೂಗುವುದನ್ನು ನಿಲ್ಲಿಸಿ, ಎದೆಯ ಮೇಲೆ ಅಂಗೈ ಇಟ್ಟು ಕುಳಿತುಕೊಳ್ಳಿ. ಕುಂಯ್ ಎಂದ ಕೂಡಲೇ ಎತ್ತಬೇಡಿ. ರಾತ್ರಿ ಹಸಿದು ಅತ್ತರೆ ಮಾತ್ರ ಹಾಲು ಕೊಡಿ, ದೊಡ್ಡ ದೀಪ ಹಾಕದೆ. ಇನ್ನು ನಮ್ಮ ಕಲಬುರಗಿಯ ಮೇ ತಿಂಗಳು! ಹಗಲು 40 ಡಿಗ್ರಿ ದಾಟಿ ಕಾದ ಗೋಡೆ ರಾತ್ರಿಯೂ ಬಿಸಿ ಉಗುಳುತ್ತದೆ, ಅದರಲ್ಲಿ ಕುಂಚಿಗೆ ಬೇರೆ ಏಕೆ? ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ತೆಳು ಹತ್ತಿಯ ಅಂಗಿಯೊಂದೇ ಹಾಕಿ. ಜ್ವರವಿದ್ದರೆ, ಹಾಲು ಬಿಟ್ಟರೆ ಮಕ್ಕಳ ವೈದ್ಯರಿಗೆ ತೋರಿಸಿ.