ಎಫ್‌ಎಂ ಸ್ಟೇಷನ್ನಿನ ಅಲೆ ಹಿಡಿದು ಡೊಂಬಿವಲಿಯ ಟೆರೇಸಿನಿಂದ ವಿಮಾನ ನೋಡಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಡೊಂಬಿವಲಿಯಲ್ಲಿ ಏಳನೇ ಮಹಡಿಯ ಮೇಲೆ ಟೆರೇಸ್ ಸಿಗುತ್ತದೆ, ಕೈಯಲ್ಲಿ ಎರಡು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚುವ ರೇಡಿಯೊ ರಿಸೀವರ್) ಇವೆ, ಮುಂಬಯಿಯ ಎಫ್‌ಎಂ ಸಿಗ್ನಲ್ ವಿಮಾನಕ್ಕೆ ಬಡಿದು ಬರುವುದನ್ನು ಹಿಡಿದು ಮನೆಯಲ್ಲೇ ಪ್ಯಾಸಿವ್ ರಾಡಾರ್ (ತಾನು ಪ್ರಸಾರ ಮಾಡದೆ ಬೇರೆಯವರ ಅಲೆ ಬಳಸುವ ರಾಡಾರ್) ಮಾಡಬಹುದೇ, ಒಳ್ಳೆಯ ಬೂಸ್ಟರ್ ಯಾವುದು ಕೊಳ್ಳಲಿ?

ಮಾಡಬಹುದು. ಬೂಸ್ಟರ್ ಮಾತ್ರ ಕೊಳ್ಳಬೇಡಿ. ಇಲ್ಲಿ ಕಾಟ ಕೊಡುವುದು ಸಿಗ್ನಲ್ ಜಾಸ್ತಿ ಇರುವುದೇ. ಗೋಪುರದಿಂದ ನೇರವಾಗಿ ಬರುವ ಸಿಗ್ನಲ್ಲನ್ನು ಎಷ್ಟು ಅಡಗಿಸುತ್ತೀರೋ ಅಷ್ಟು ವಿಮಾನ ಕಾಣುತ್ತದೆ; ಉಳಿದ ಕೆಲಸವೆಲ್ಲ ಅದರ ಸುತ್ತ.

ಸಂಖ್ಯೆ ಹಾಕಿ ನೋಡೋಣ. ಗೋಪುರ ವರ್ಲಿ ಕಡೆ ಇದೆ ಎಂದುಕೊಂಡರೆ ನಿಮ್ಮಲ್ಲಿಂದ ಸುಮಾರು 36 ಕಿ.ಮೀ. (ನೀವು ಆರಿಸುವ ಸ್ಟೇಷನ್ನಿನ ಗೋಪುರ ಬೇರೆ ಕಡೆ ಇದ್ದರೆ ಆ ದೂರ ಹಾಕಿ.) ವಿಮಾನ ನಿಮ್ಮಿಂದ 17, ಗೋಪುರದಿಂದ 41 ಕಿ.ಮೀ. ದೂರ, ಅದರ ಪ್ರತಿಫಲನ ವಿಸ್ತೀರ್ಣ 100 ಚದರ ಮೀಟರ್ ಅಂತಿಟ್ಟುಕೊಳ್ಳಿ. 100ನ್ನು 36 ಕಿ.ಮೀ. ವರ್ಗದಿಂದ ಗುಣಿಸಿ, 4 ಪೈ ಗುಣಿಸು 17ರ ವರ್ಗ ಗುಣಿಸು 41ರ ವರ್ಗದಿಂದ ಭಾಗಿಸಿ, ಎಲ್ಲ ಮೀಟರಿನಲ್ಲಿ. ಪ್ರತಿಧ್ವನಿ ನೇರ ಸಿಗ್ನಲ್ಲಿಗಿಂತ 77 ಡಿಬಿ ಕೆಳಗಿದೆ ಎಂದು ಬರುತ್ತದೆ (ಡಿಬಿ ಎಂದರೆ ಡೆಸಿಬೆಲ್: 10 ಡಿಬಿ ಹತ್ತು ಪಟ್ಟು, 20 ಡಿಬಿ ನೂರು ಪಟ್ಟು). 100 ಕಿಲೋಹರ್ಟ್ಸ್ ಅಗಲದ ಸಿಗ್ನಲ್ಲನ್ನು 1 ಸೆಕೆಂಡ್ ಕೂಡಿಸಿದರೆ ಸಿಗುವ ಲಾಭ 1 ಲಕ್ಷ ಪಟ್ಟು, ಅಂದರೆ 50 ಡಿಬಿ. ನೇರ ಸಿಗ್ನಲ್ ತನ್ನ ಸುತ್ತ ಚೆಲ್ಲುವ ಗದ್ದಲವೂ ಅದರ ಶಿಖರಕ್ಕಿಂತ ಅದೇ 50 ಡಿಬಿ ಕೆಳಗೆ ಹರಡಿಕೊಂಡಿರುತ್ತದೆ. ಹಾಗಾಗಿ ವಿಮಾನ ಆ ಗದ್ದಲದಲ್ಲಿ 27 ಡಿಬಿ ಆಳಕ್ಕೆ ಮುಳುಗಿದೆ. ಅದು ಮೇಲೆದ್ದು ಸ್ಪಷ್ಟವಾಗಿ ಕಾಣಲು ಇನ್ನೊಂದು 13 ಡಿಬಿ ಬೇಕು. ಒಟ್ಟು 40 ಡಿಬಿಯಷ್ಟು ನೇರ ಸಿಗ್ನಲ್ಲನ್ನು ಕೊಲ್ಲಬೇಕು: ಅರ್ಧ ಆಂಟೆನಾದಿಂದ, ಅರ್ಧ ಸಾಫ್ಟ್‌ವೇರಿನಿಂದ. ಬೂಸ್ಟರ್ ನೇರ ಸಿಗ್ನಲ್, ಪ್ರತಿಧ್ವನಿ ಎರಡನ್ನೂ ಒಟ್ಟಿಗೇ ಎತ್ತುತ್ತದೆ, ಮೇಲೆ 8 ಬಿಟ್‌ನ ಡಾಂಗಲ್ಲನ್ನು ಉಸಿರು ಕಟ್ಟಿಸುತ್ತದೆ.

ಮೊದಲು ಡಾಂಗಲ್. ಒಂದು ಗೋಪುರದ ಕಡೆ ಕಿವಿಕೊಡುತ್ತದೆ, ಅದನ್ನು ರೆಫರೆನ್ಸ್ ಎನ್ನೋಣ. ಇನ್ನೊಂದು ಆಕಾಶದ ಕಡೆ. ಎರಡಕ್ಕೂ ಒಂದೇ ಕ್ಲಾಕ್ ಇರಲೇಬೇಕು. ಒಳ್ಳೆಯ ಡಾಂಗಲ್ಲುಗಳಲ್ಲೂ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ವ್ಯತ್ಯಾಸ ಇರುತ್ತದೆ. 100 ಮೆಗಾಹರ್ಟ್ಸ್‌ನಲ್ಲಿ ಅದು 100 ಹರ್ಟ್ಸ್. ನೀವು ಹುಡುಕುವ ಡಾಪ್ಲರ್, ಅಂದರೆ ವಿಮಾನದ ಓಟದಿಂದ ಫ್ರೀಕ್ವೆನ್ಸಿಯಲ್ಲಾಗುವ ಬದಲಾವಣೆ, ಅಷ್ಟೇ ಗಾತ್ರದ್ದು: ಸೆಕೆಂಡಿಗೆ 250 ಮೀಟರ್ ವೇಗದ ವಿಮಾನಕ್ಕೂ 167 ಹರ್ಟ್ಸ್ ದಾಟುವುದಿಲ್ಲ. ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್ ವಿ3 ಆದರೆ ಬೋರ್ಡಿನ ಮೇಲೆ ಕ್ಲಾಕ್ ಆರಿಸುವ ಪ್ಯಾಡ್‌ಗಳಿವೆ. ಎರಡನೆಯದರ ಒಳಗಿನ ಕ್ಲಾಕ್ ಬಿಡಿಸಿ ಮೊದಲನೆಯದರಿಂದ ಎಳೆಯಿರಿ. ಮಾಮೂಲಿ ಅಗ್ಗದ ಡಾಂಗಲ್ ಆದರೆ ಎರಡನೆಯದರ 28.8 ಮೆಗಾಹರ್ಟ್ಸ್ ಕ್ರಿಸ್ಟಲ್ ಕಿತ್ತು ತೆಳು ಕೋಆಕ್ಸ್‌ನಲ್ಲಿ ಕೊಡಬೇಕು, ತಂತಿ 10 ಸೆಂ.ಮೀ. ಮೀರದಿರಲಿ. ಬೆಸುಗೆ ಕೈ ನಡುಗುವವರು ಈ ಉಸಾಬರಿ ಬಿಟ್ಟು ಎಸ್‌ಡಿಆರ್‌ಪ್ಲೇ ಆರ್‌ಎಸ್‌ಪಿಡ್ಯುಯೊ ಕೊಳ್ಳುವುದು ಮೇಲು. ಅದರಲ್ಲಿ ಎರಡು ಟ್ಯೂನರ್ ಒಂದೇ ಕ್ಲಾಕಿನಲ್ಲಿ ಓಡುತ್ತವೆ, 14 ಬಿಟ್ ಬೇರೆ.

ಕ್ಲಾಕ್ ಹಂಚಿದ ಮಾತ್ರಕ್ಕೆ ಮುಗಿಯಲಿಲ್ಲ. ಯುಎಸ್‌ಬಿಯಲ್ಲಿ ಎರಡು ಡಾಂಗಲ್ ಒಂದೇ ಕ್ಷಣದಲ್ಲಿ ಶುರುವಾಗುವುದಿಲ್ಲ, ಪ್ರತಿ ಸಲವೂ ಅಂತರ ಬೇರೆ. ಶುರುವಿನಲ್ಲಿ ಎರಡಕ್ಕೂ ಸ್ಪ್ಲಿಟರ್ ಮೂಲಕ ಒಂದೇ ಆಂಟೆನಾ ಕೊಟ್ಟು, ಕ್ರಾಸ್ ಕೋರಿಲೇಶನ್ (ಒಂದನ್ನು ಸರಿಸುತ್ತಾ ಇನ್ನೊಂದಕ್ಕೆ ಎಷ್ಟು ಹೊಂದುತ್ತದೆ ಎಂಬ ಲೆಕ್ಕ) ತೆಗೆದು, ಶಿಖರ ಎಷ್ಟು ಸ್ಯಾಂಪಲ್ ಆಚೆ ಇದೆಯೋ ಅಷ್ಟು ಸರಿಸಬೇಕು. ಆಮೇಲೆ ನಿಲ್ಲಿಸದೆ ಆಂಟೆನಾ ಬದಲಿಸಿ. ಇದೇ ಹೊತ್ತಿನಲ್ಲಿ ಎರಡರ ನಡುವಿನ ಫೇಸ್ ಒಂದು ನಿಮಿಷ ಗಮನಿಸಿ. ಅದು ಎಷ್ಟೇ ಇರಲಿ ಚಿಂತೆಯಿಲ್ಲ, ಅಲುಗಬಾರದು. ನಿಧಾನವಾಗಿ ತೇಲುತ್ತಿದ್ದರೆ ಟ್ಯೂನರಿನ ಪಿಎಲ್‌ಎಲ್ ಡಿದರಿಂಗ್ (ಫ್ರೀಕ್ವೆನ್ಸಿ ಕೂರಿಸುವ ಸರ್ಕ್ಯೂಟ್ ಬೇಕೆಂದೇ ಮಾಡುವ ಸಣ್ಣ ಅಲುಗಾಟ) ಚಾಲೂ ಇದೆ, ಅದನ್ನು ಆಫ್ ಮಾಡುವ ಡ್ರೈವರ್ ಹಾಕಿ. ಒಮ್ಮೆಲೇ ಜಿಗಿದರೆ ಸ್ಯಾಂಪಲ್ ಬಿದ್ದುಹೋಗುತ್ತಿದೆ. ಡಾಂಗಲ್ಲುಗಳನ್ನು ಬೇರೆ ಬೇರೆ ಯುಎಸ್‌ಬಿ ಕಂಟ್ರೋಲರಿಗೆ ಚುಚ್ಚಿ. ಆಟೋಮ್ಯಾಟಿಕ್ ಗೇನ್ ಪೂರ್ತಿ ಬಂದ್. ಸ್ಟೇಷನ್ ಸರಿಯಾಗಿ ನಡುಮಧ್ಯೆ ಬರದಂತೆ 300 ಕಿಲೋಹರ್ಟ್ಸ್ ಪಕ್ಕಕ್ಕೆ ಟ್ಯೂನ್ ಮಾಡಿ, ಇಲ್ಲದಿದ್ದರೆ ಡಾಂಗಲ್ಲೇ ನಡುಮಧ್ಯೆ ಹುಟ್ಟಿಸುವ ಡಿಸಿ ಮುಳ್ಳು ಅದರ ಮೇಲೇ ಕೂರುತ್ತದೆ.

ಈಗ ಆಂಟೆನಾ. ನಿಮ್ಮ ಜಾಗದ ಅದೃಷ್ಟ ಇಲ್ಲಿದೆ. ಮುಂಬಯಿ ನಿಮಗೆ ನೈಋತ್ಯದಲ್ಲಿದೆ, ನಡುವೆ ಪಾರ್ಸಿಕ್ ಗುಡ್ಡ. ಹೆಚ್ಚಿನ ದಿನ ವಿಮಾನಗಳು ರನ್‌ವೇ 27ಕ್ಕೆ ಪೂರ್ವದಿಂದ ಇಳಿಯುತ್ತವೆ: ತಳೋಜಾ ಕಡೆಯಿಂದ ಬಂದು ಮಹಾಪೆ, ಕೋಪರ್‌ಖೈರಣೆ ದಾಟಿ, ಠಾಣೆ ಖಾಡಿಯ ಮೇಲೆ ಹಾದು ಘಾಟ್ಕೋಪರ್. ಆ ಗೆರೆ ನಿಮ್ಮ ದಕ್ಷಿಣಕ್ಕೆ ಸುಮಾರು 12 ಕಿ.ಮೀ.ನಲ್ಲಿದೆ, ತಳೋಜಾ ಹತ್ತಿರ ವಿಮಾನ ಇನ್ನೂ 1 ಕಿ.ಮೀ. ಎತ್ತರದಲ್ಲಿರುತ್ತದೆ. ಯಾಗಿ ಆಂಟೆನಾ (ಹಳೆಯ ಟಿವಿ ಆಂಟೆನಾದಂತೆ ಸಾಲಾಗಿ ಕಡ್ಡಿಗಳಿರುವುದು) ಆಗ್ನೇಯಕ್ಕೆ ತಿರುಗಿಸಿದರೆ ಅದರ ಕಡ್ಡಿಗಳ ತುದಿ ಸರಿಯಾಗಿ ನೈಋತ್ಯಕ್ಕೆ ಬರುತ್ತದೆ. ಕಡ್ಡಿ ಅಡ್ಡಡ್ಡ ಇದ್ದಾಗ ಅದರ ತುದಿಯ ದಿಕ್ಕಿನಲ್ಲಿ ಆಂಟೆನಾ ಹೆಚ್ಚುಕಡಿಮೆ ಕುರುಡು. ಮೂರು ಕಡ್ಡಿಯ ಯಾಗಿಯ ಬೆನ್ನು 10ರಿಂದ 15 ಡಿಬಿ ತಡೆದರೆ ಹೆಚ್ಚು, ತುದಿಯ ದಿಕ್ಕು 20 ಡಿಬಿಯ ಆಸುಪಾಸು ಕೊಡುತ್ತದೆ. ಬಹಳ ಜನ ಗೋಪುರಕ್ಕೆ ಬೆನ್ನು ಹಾಕಿ ಕಟ್ಟಿ, ಯಾಕೆ ಕಾಣುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ.

98 ಮೆಗಾಹರ್ಟ್ಸ್ ಆಸುಪಾಸಿಗೆ ಅಳತೆ: 10 ಅಥವಾ 12 ಮಿ.ಮೀ. ಅಲ್ಯೂಮಿನಿಯಂ ಪೈಪು, ಹಿಂದಿನ ಕಡ್ಡಿ 1.50 ಮೀಟರ್, ನಡುವಿನದು 1.42, ಮುಂದಿನದು 1.35, ಒಂದರಿಂದ ಒಂದಕ್ಕೆ 60 ಸೆಂ.ಮೀ. ನಡುವಿನದನ್ನು ಮಾತ್ರ ಮಧ್ಯಕ್ಕೆ ಕತ್ತರಿಸಿ ಕೇಬಲ್ ಕೊಡುವುದು. ಡಿಶ್ ಟಿವಿಯ ಆರ್‌ಜಿ6 ಕೇಬಲ್ ಧಾರಾಳ ಸಾಕು, 15 ಮೀಟರಿಗೆ 1 ಡಿಬಿ ಹೋದರೆ ಹೋಗಲಿ. ಆದರೆ ಕಡ್ಡಿಗೆ ಸೇರುವಲ್ಲಿ ಅದೇ ಕೇಬಲ್ಲನ್ನು 10 ಸೆಂ.ಮೀ. ಅಗಲದ ಆರು ಸುತ್ತು ಸುತ್ತಿ ಟೈ ಹಾಕಿ. ಈ ಸುರುಳಿ ಬಿಟ್ಟರೆ ಕೇಬಲಿನ ಹೊರಕವಚವೇ ಆಂಟೆನಾ ಆಗಿ ಗೋಪುರದ ಸಿಗ್ನಲ್ ಒಳಗೆ ತರುತ್ತದೆ, ಕಡ್ಡಿ ತಿರುಗಿಸಿ ಗಳಿಸಿದ್ದೆಲ್ಲ ನೀರಲ್ಲಿ ಹೋಮ. ಎಫ್‌ನಿಂದ ಎಸ್‌ಎಂಎಗೆ ಅಡಾಪ್ಟರ್, ಸ್ಪ್ಲಿಟರ್ ಎಲ್ಲ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ.

ರೆಫರೆನ್ಸಿಗೆ ಸಾದಾ ಡೈಪೋಲ್ (ಮಧ್ಯಕ್ಕೆ ಕತ್ತರಿಸಿದ ಒಂದೇ ಕಡ್ಡಿಯ ಆಂಟೆನಾ) ಸಾಕು, ಟೆರೇಸಿನ ನೈಋತ್ಯ ಮೂಲೆಯಲ್ಲಿ, ಆದಷ್ಟು ಎತ್ತರಕ್ಕೆ. ಯಾಗಿಯನ್ನು ನೀರಿನ ಟ್ಯಾಂಕಿ ಅಥವಾ ಲಿಫ್ಟ್ ರೂಮಿನ ಆಚೆ ಬದಿಗೆ ಕೆಳಗೆ ಕಟ್ಟಿ, ಕಾಂಕ್ರೀಟು ಗೋಪುರಕ್ಕೆ ಅಡ್ಡ ಬರಲಿ. ಆಮೇಲೆ ಸ್ಟೇಷನ್ನಿನ ಮಟ್ಟ ನೋಡುತ್ತಾ ಯಾಗಿಯನ್ನು 5 ಡಿಗ್ರಿಯಂತೆ ತಿರುಗಿಸಿ ಎಲ್ಲಿ ಅತಿ ಕಡಿಮೆಯೋ ಅಲ್ಲಿ ಬಿಗಿಯಿರಿ. ಭೂಪಟದ ದಿಕ್ಕನ್ನೇ ನಂಬಬೇಡಿ, ಅಕ್ಕಪಕ್ಕದ ಕಟ್ಟಡಗಳು ದಿಕ್ಕನ್ನೇ ಬದಲಿಸಿಬಿಡುತ್ತವೆ.

ರೆಫರೆನ್ಸ್ ಶುದ್ಧವಾಗಿದೆಯೇ ನೋಡಲು ಸುಲಭ ಉಪಾಯ: ಎಫ್‌ಎಂ ಸಿಗ್ನಲಿನ ಎತ್ತರ ಬದಲಾಗಬಾರದು, ಬದಲಾಗುವುದು ಫ್ರೀಕ್ವೆನ್ಸಿ ಮಾತ್ರ. ಫಿಲ್ಟರ್ ಮಾಡಿದ ಸ್ಯಾಂಪಲ್ಲುಗಳ ಆಂಪ್ಲಿಟ್ಯೂಡ್ ಪ್ಲಾಟ್ ಮಾಡಿ. ಸಪಾಟಾಗಿದ್ದರೆ ಒಳ್ಳೆಯದು, ಏರಿಳಿತ ಇದ್ದರೆ ಗುಡ್ಡ, ಕಟ್ಟಡಗಳ ಪ್ರತಿಧ್ವನಿ ಸೇರಿಕೊಂಡಿದೆ, ಡೈಪೋಲನ್ನು ಒಂದು ಒಂದೂವರೆ ಮೀಟರ್ ಆಚೀಚೆ ಸರಿಸಿ.

ಯಾವ ಸ್ಟೇಷನ್? ಗೋಪುರದ ಶಕ್ತಿಗಿಂತ ಕಾರ್ಯಕ್ರಮವೇ ಮುಖ್ಯ ಎನ್ನುವುದು ನನ್ನ ಪಕ್ಷ. ದೂರವನ್ನು ಎಷ್ಟು ನಿಖರವಾಗಿ ಅಳೆಯಬಹುದು ಎನ್ನುವುದು ಆ ಕ್ಷಣದಲ್ಲಿ ಸಿಗ್ನಲ್ ಎಷ್ಟು ಅಗಲ ಇದೆ ಎನ್ನುವುದರ ಮೇಲೆ ನಿಂತಿದೆ. ಢೋಲು ತಾಶೆಯ ಹಾಡು ಬರುತ್ತಿದ್ದರೆ 100 ಕಿಲೋಹರ್ಟ್ಸ್ ಸಿಕ್ಕಿ ವಿಮಾನ 3 ಕಿ.ಮೀ.ನ ಚುಕ್ಕೆಯಾಗಿ ಕೂರುತ್ತದೆ. ವಾರ್ತೆ ಓದುವವರು ಉಸಿರೆಳೆದುಕೊಳ್ಳುವಷ್ಟು ಹೊತ್ತು ಅದೇ ಚುಕ್ಕೆ ಹತ್ತಾರು ಕಿ.ಮೀ. ಉದ್ದದ ಪಟ್ಟಿಯಾಗುತ್ತದೆ, ಜೊತೆಗೆ 19 ಕಿಲೋಹರ್ಟ್ಸ್ ಸ್ಟೀರಿಯೊ ಪೈಲಟ್ ಒಂದೇ ಉಳಿದು 15.8 ಕಿ.ಮೀ.ಗೊಂದರಂತೆ ನಕಲಿ ಶಿಖರ ಏಳುತ್ತವೆ. ಅಷ್ಟರಲ್ಲೂ ಡಾಪ್ಲರ್ ಕೆಡುವುದಿಲ್ಲ. 2.4 ಮೆಗಾಹರ್ಟ್ಸ್ ಸ್ಯಾಂಪಲ್ ದರದಲ್ಲಿ 91.1 ಮತ್ತು 92.7 ಎರಡೂ ಒಟ್ಟಿಗೆ ಸಿಗುತ್ತವೆ. ಪ್ರತಿ ಸೆಕೆಂಡ್ ಯಾವುದು ಅಗಲವೋ ಅದನ್ನು ಬಳಸಿ. ಒಂದು ಎಚ್ಚರಿಕೆ: 91.1, 98.3ರಂಥ ಕೆಲವು ಫ್ರೀಕ್ವೆನ್ಸಿ ಪುಣೆಯಲ್ಲೂ ಇವೆ. ಘಟ್ಟದ ಮೇಲಿಂದ ಅದು ಬೇರೆ ಕಾರ್ಯಕ್ರಮವಾಗಿ ನಿಮ್ಮ ಆಗ್ನೇಯದ ಯಾಗಿಗೆ ಬಿದ್ದರೆ ಶುದ್ಧ ಗದ್ದಲ. ಆಕಾಶವಾಣಿಯ 100.7 ಅಥವಾ 107.1 ಕೂಡ ಹಾಕಿ ಹೋಲಿಸಿ.

ಮೊದಮೊದಲು ಲೈವ್ ಬೇಡ, ಫೈಲಿಗೆ ರೆಕಾರ್ಡ್ ಮಾಡಿ. ಎರಡು ಡಾಂಗಲ್ ಸೇರಿ ಸೆಕೆಂಡಿಗೆ 9.6 ಎಂಬಿ, ಗಂಟೆಗೆ ಸುಮಾರು 35 ಜಿಬಿ. ಹತ್ತು ನಿಮಿಷ ಸಾಕು. 12ರಲ್ಲಿ ಒಂದಕ್ಕೆ ಇಳಿಸಿ 200 ಕಿಲೋಸ್ಯಾಂಪಲ್ ಮಾಡಿದರೆ ಒಂದು ಸ್ಯಾಂಪಲ್ ಅಂದರೆ 5 ಮೈಕ್ರೊಸೆಕೆಂಡ್, 1.5 ಕಿ.ಮೀ. ನಂತರ ಅಡಗಿಸುವ ಕೆಲಸ: ರೆಫರೆನ್ಸನ್ನು 0ರಿಂದ 49 ಸ್ಯಾಂಪಲ್ ತಡಮಾಡಿದ 50 ಕಂಬಸಾಲುಗಳಾಗಿ ಜೋಡಿಸಿ, ಲೀಸ್ಟ್ ಸ್ಕ್ವೇರ್ಸ್‌ನಿಂದ ಆಕಾಶದ ಚಾನೆಲ್ಲಿಗೆ ಹೊಂದಿಸಿ ಕಳೆಯಿರಿ. ನೇರ ಸಿಗ್ನಲ್ ಜೊತೆ ಗುಡ್ಡ, ಕಟ್ಟಡಗಳ ನಿಂತ ಪ್ರತಿಧ್ವನಿಯೂ ಹೋಗುತ್ತದೆ. ಪೈಥಾನಿನ ಗಣಿತ ಲೈಬ್ರರಿ ನಮ್‌ಪೈನಲ್ಲಿ ಕೆಲವೇ ಸಾಲು. ಒಂದಿಡೀ ಸೆಕೆಂಡಿಗೆ ಮಾಡುವ ಬದಲು 0.1 ಸೆಕೆಂಡಿನ ತುಂಡುಗಳಲ್ಲಿ ಮಾಡಿದರೆ ಇನ್ನೂ ಚೊಕ್ಕಟ, ಆದರೆ ಸೊನ್ನೆಯ ಅಕ್ಕಪಕ್ಕ 10 ಹರ್ಟ್ಸ್ ಒಳಗಿನ ವಿಮಾನವೂ ಗುಡಿಸಿಹೋಗುತ್ತದೆ. ಉಳಿದದ್ದನ್ನು ಪ್ರತಿ ತಡಕ್ಕೂ ರೆಫರೆನ್ಸಿನ ಕಾಂಜುಗೇಟ್‌ನಿಂದ ಗುಣಿಸಿ, 1 ಕಿಲೋಹರ್ಟ್ಸ್‌ಗೆ ಇಳಿಸಿ, ಎಫ್‌ಎಫ್‌ಟಿ (ಫ್ರೀಕ್ವೆನ್ಸಿಗಳನ್ನು ಬಿಡಿಸಿ ತೋರಿಸುವ ಲೆಕ್ಕ) ತೆಗೆಯಿರಿ. ಅಡ್ಡಕ್ಕೆ ದೂರ, ಉದ್ದಕ್ಕೆ ಡಾಪ್ಲರ್ ಇರುವ ಚಿತ್ರ ಬರುತ್ತದೆ. ಬರೆಯುವ ತಾಳ್ಮೆ ಇಲ್ಲದಿದ್ದರೆ ಬ್ಲಾ2 ಎಂಬ ಮುಕ್ತ ಸಾಫ್ಟ್‌ವೇರ್ ಇದೆ, ಆರ್‌ಎಸ್‌ಪಿಡ್ಯುಯೊಗೆ ಚೆನ್ನಾಗಿ ಹೊಂದುತ್ತದೆ. ಕ್ರಾಕೆನ್‌ಎಸ್‌ಡಿಆರ್‌ನ ಹಳೆಯ ಪ್ಯಾಸಿವ್ ರಾಡಾರ್ ಕೋಡ್ ಹುಡುಕಿ ಹೊರಡಬೇಡಿ. ಅಮೆರಿಕದ ಶಸ್ತ್ರಾಸ್ತ್ರ ರಫ್ತು ನಿಯಮದ ಆತಂಕದಿಂದ ಅದನ್ನು 2022ರಲ್ಲಿ ತೆಗೆದುಹಾಕಿದ್ದಾರೆ.

ಏನು ಕಾಣಬೇಕು? ಇಳಿಯಲು ಬರುವ ವಿಮಾನ ನಿಮ್ಮ ಆಗ್ನೇಯಕ್ಕಿದ್ದಾಗ ಚಿತ್ರದಲ್ಲಿ ದೂರ 22 ಕಿ.ಮೀ., ಡಾಪ್ಲರ್ 50 ಹರ್ಟ್ಸ್ ಹತ್ತಿರ. ಎರಡು ನಿಮಿಷ ಚಿಲ್ಲರೆಯಲ್ಲಿ ಅದು ಸರಿಯಾಗಿ ದಕ್ಷಿಣಕ್ಕೆ ಬರುವಾಗ ದೂರ 6 ಕಿ.ಮೀ.ಗೆ, ಡಾಪ್ಲರ್ 25ಕ್ಕೆ ಇಳಿದಿರುತ್ತದೆ. ಪಶ್ಚಿಮಕ್ಕೆ ದಾಟಿದಂತೆ ಸೊನ್ನೆಗೆ ಜಾರಿ ಕಾಣೆಯಾಗುತ್ತದೆ. ಅದು ದೋಷವಲ್ಲ: ನಿಮ್ಮಿಂದ ದೂರವಾಗುತ್ತಾ ಗೋಪುರಕ್ಕೆ ಹತ್ತಿರವಾದರೆ ಒಟ್ಟು ದಾರಿ ಬದಲಾಗುವುದಿಲ್ಲ. ಇಲ್ಲಿ ದೂರ ಎಂದರೆ ಗೋಪುರದಿಂದ ವಿಮಾನ, ವಿಮಾನದಿಂದ ನೀವು, ಕೂಡಿಸಿ ಅದರಿಂದ 36 ಕಳೆದದ್ದು. ಮೊದಲೆರಡು ಖಾನೆಯಲ್ಲಿ ಸೊನ್ನೆಯ ಎರಡೂ ಬದಿ 15 ಹರ್ಟ್ಸ್ ಒಳಗೆ ಗೀಟುಗಳು ಬಂದುಹೋಗುತ್ತಿದ್ದರೆ ಸೆಂಟ್ರಲ್ ಲೈನಿನ ಫಾಸ್ಟ್ ಲೋಕಲ್ ಇರಬಹುದು, ಟೈಂ ಟೇಬಲ್ ತೆಗೆದು ನೋಡಿ. ಎಲ್ಲವೂ ಋಣ ದೂರದಲ್ಲಿ ಬಂದರೆ ಎರಡು ಕೇಬಲ್ ಅದಲುಬದಲಾಗಿವೆ.

ಖಾತ್ರಿಗೆ 1090 ಮೆಗಾಹರ್ಟ್ಸ್‌ನಲ್ಲಿ ಎಡಿಎಸ್‌-ಬಿ ಹಿಡಿಯುವ ಮೂರನೇ ಡಾಂಗಲ್ ಇಡಿ. ವಿಮಾನವೇ ಹೇಳುವ ಸ್ಥಾನದಿಂದ ದೂರ, ಡಾಪ್ಲರ್ ಲೆಕ್ಕ ಹಾಕಿ ಅದೇ ಚಿತ್ರದ ಮೇಲೆ ಗುರುತು ಹಾಕಿ. ಇದಿಲ್ಲದೆ ಕಂಡ ಚುಕ್ಕೆಯನ್ನೆಲ್ಲ ವಿಮಾನ ಅನ್ನುವ ಚಟ ಹತ್ತುತ್ತದೆ.

ನಕಾಶೆಯ ಮೇಲೆ ವಿಮಾನ ಓಡುವುದನ್ನು ಮಾತ್ರ ನಿರೀಕ್ಷಿಸಬೇಡಿ. ಒಂದು ಗೋಪುರ ಕೊಡುವುದು ಒಂದು ದೀರ್ಘವೃತ್ತ, ವಿಮಾನ ಅದರ ಮೇಲೆ ಎಲ್ಲೋ ಒಂದು ಕಡೆ. ಒಂದೇ ಗೋಪುರದಿಂದ ಹೊರಡುವ ಹತ್ತು ಸ್ಟೇಷನ್ ಸೇರಿಸಿದರೂ ಅದೇ ವೃತ್ತ. ಜಾಗ ಗೊತ್ತಾಗಲು ಬೇರೆ ಸ್ಥಳದ ಗೋಪುರ ಬೇಕು, ಇಲ್ಲವೇ ಪನ್ವೇಲ್ ಕಡೆ ಇರುವ ಗೆಳೆಯರ ಟೆರೇಸಿನಲ್ಲಿ ಇನ್ನೊಂದು ಜೋಡಿ.

ಈ ಸಾಧನ ಏನನ್ನೂ ಪ್ರಸಾರ ಮಾಡುವುದಿಲ್ಲ. ಆದರೂ ಸೊಸೈಟಿಯ ಅನುಮತಿ ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಕಂಡದ್ದನ್ನು ಲೈವ್ ಆಗಿ ನೆಟ್ಟಿಗೆ ಬಿಡಬೇಡಿ. ಮಳೆಗಾಲದ ಮುಂಚೆ ಪ್ರತಿ ಕನೆಕ್ಟರಿಗೂ ರಬ್ಬರಿನ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ ಸುತ್ತಿ, ಕೇಬಲ್ ಒಳಗೆ ಬರುವ ಮೊದಲು ಒಂದು ಇಳಿಬಾಗು ಬಿಡಿ. ಗುಡುಗು ಶುರುವಾಗುವ ಲಕ್ಷಣ ಕಂಡರೆ ಎರಡೂ ಕೇಬಲ್ ಬಿಚ್ಚಿಡಿ.