ಸೈಟು ಮಾರಾಟ, ಮಳಿಗೆ ಬಾಡಿಗೆ, ಮೀನು ಮಾರೋರ ಕ್ಯೂಆರ್ ಕೋಡ್: ನಿಮ್ಮ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ಅಪ್ಪಯ್ಯ 1988ರಲ್ಲಿ ಸಿರ್ಸಿ ಪೇಟೆ ಒಳಗೆ 2 ಗುಂಟೆ ಸೈಟು ತಗೊಂಡಿದ್ರು. ಈಗ 30 ಲಕ್ಷಕ್ಕೆ ಗಿರಾಕಿ ಸಿಕ್ಕಿದೆ, 2 ಲಕ್ಷ ಮುಂಗಡ ನಾಳೆನೇ ಕ್ಯಾಶ್ ಕೊಡ್ತೀವಿ ಅಂತಾರೆ. ಟ್ಯಾಕ್ಸ್ ಈಗ ಬರೀ ಹನ್ನೆರಡೂವರೆ ಪರ್ಸೆಂಟ್ ಆಗಿದೆಯಂತೆ ಹೌದಾ? — ಸಿರ್ಸಿ ಓದುಗರು

ಉತ್ತರ: ಮೊದಲು ಆ ಕ್ಯಾಶ್ ವಿಷಯ ಹೇಳ್ಬಿಡ್ತೀನಿ, ದಯವಿಟ್ಟು ಮುಟ್ಬೇಡಿ. ಜಾಗ ಮಾರೋ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಂಡ್ರೆ ಎಷ್ಟು ತಗೊಂಡ್ರೋ ಅಷ್ಟೇ ದಂಡ ಬೀಳಬಹುದು, ಅದೂ ಕೊಟ್ಟವರಿಗಲ್ಲ, ತಗೊಂಡವರಿಗೆ. ಅಂದ್ರೆ ನಿಮ್ಮ ಅಪ್ಪಯ್ಯಂಗೆ 2 ಲಕ್ಷ. ಚೆಕ್ ಅಥವಾ ಬ್ಯಾಂಕ್ ಟ್ರಾನ್ಸ್‌ಫರ್ ಆಗ್ಲಿ, ಅದೂ ಅಪ್ಪಯ್ಯನ ಖಾತೆಗೇ ಬರ್ಲಿ, ನಿಮ್ಮ ಖಾತೆಗೆ ಹಾಕಿಸ್ಕೊಂಡು ಆಮೇಲೆ ತಲೆ ಕೆಡಿಸ್ಕೊಳ್ಬೇಡಿ.

ಈಗ ಟ್ಯಾಕ್ಸು. 2024ರ ಜುಲೈ 23ರಿಂದ ದರ 12.5 ಪರ್ಸೆಂಟ್ ಆಗಿದ್ದು ನಿಜ, ಆದ್ರೆ ಅದರ ಜೊತೆ ಇಂಡೆಕ್ಸೇಶನ್ ಅಂತ ಇದ್ದಿದ್ದನ್ನ ತೆಗೆದ್ರು, ಅಂದ್ರೆ ಬೆಲೆ ಏರಿಕೆಗೆ ತಕ್ಕ ಹಾಗೆ ಹಳೇ ಖರೀದಿ ಬೆಲೆನ ಹೆಚ್ಚಿಸಿ ತೋರ್ಸೋ ಅವಕಾಶ. ಆ ದಿನಕ್ಕಿಂತ ಮೊದಲು ತಗೊಂಡ ಜಾಗ ಅಥವಾ ಕಟ್ಟಡಕ್ಕೆ ಮಾತ್ರ, ಇಲ್ಲೇ ವಾಸ ಇರೋರಿಗೆ, ಹಳೇ 20 ಪರ್ಸೆಂಟ್ ಲೆಕ್ಕನೂ ಹಾಕಿ ನೋಡಿ ಯಾವುದು ಕಡಿಮೆನೋ ಅದನ್ನ ಕಟ್ಟಬಹುದು. ಇದನ್ನ ಬಹಳ ಜನ ಮರೀತಾರೆ. 2001ಕ್ಕಿಂತ ಹಿಂದಿನ ಜಾಗಕ್ಕೆ 2001ರ ಏಪ್ರಿಲ್ 1ರ ಬೆಲೆನೇ ಖರೀದಿ ಬೆಲೆ ಅಂತ ಹಿಡೀಬಹುದು. ಅದು 4 ಲಕ್ಷ ಇತ್ತು ಅಂದ್ಕೊಳ್ಳಿ. 2001ರ ಬೆಲೆ ಮಟ್ಟ 100 ಅಂತ ಹಿಡಿದ್ರೆ 2025-26ರ ಇಂಡೆಕ್ಸ್ 376, ಹಾಗಾಗಿ 4 ಲಕ್ಷ ಹೋಗಿ 15,04,000 ಆಗುತ್ತೆ, ಲಾಭ 14,96,000, ಅದಕ್ಕೆ 20 ಪರ್ಸೆಂಟ್ ಅಂದ್ರೆ 2,99,200. ಹೊಸ ದರದಲ್ಲಿ ಲಾಭ 26 ಲಕ್ಷ, ಟ್ಯಾಕ್ಸ್ 3,25,000. ಹಳೇದೇ ಲಾಭ ಆಯ್ತಲ್ಲ? ಆದ್ರೆ 2001ರ ಬೆಲೆ 2 ಲಕ್ಷನೇ ಆಗಿದ್ರೆ ಹಳೇ ಲೆಕ್ಕದಲ್ಲಿ 4,49,600, ಹೊಸದ್ರಲ್ಲಿ 3,50,000, ಪೂರಾ ತಿರುಗು ಮುರುಗು. ಎರಡರ ಮೇಲೂ 4 ಪರ್ಸೆಂಟ್ ಸೆಸ್ ಬೇರೆ. ಹಾಗಾಗಿ ಬಾಯಿಲೆಕ್ಕ ಸಾಲಲ್ಲ, 2001ರ ಸರ್ಕಾರಿ ಮಾರ್ಗಸೂಚಿ ದರ ಸಬ್‌ರಿಜಿಸ್ಟ್ರಾರ್ ಆಫೀಸಿನಿಂದ ತಗೊಳ್ಳಿ, ಆ ದರಕ್ಕಿಂತ ಜಾಸ್ತಿ ತೋರ್ಸೋಕೆ ಆಗಲ್ಲ. 12 ಲಕ್ಷ ಆದಾಯದವರೆಗೆ ಟ್ಯಾಕ್ಸ್ ಇಲ್ಲ ಅಂತ ಪೇಪರ್‌ನಲ್ಲಿ ಓದಿರ್ತೀರಿ, ಆ ರಿಯಾಯಿತಿ ಈ ಲಾಭಕ್ಕೆ ಸಿಗಲ್ಲ. ಮಾರಿದ 6 ತಿಂಗಳೊಳಗೆ ಆ ಲಾಭನ (50 ಲಕ್ಷದ ಮಿತಿ ಇದೆ) ಸರ್ಕಾರ ಹೇಳಿರೋ ಬಾಂಡಿನಲ್ಲಿ 5 ವರ್ಷಕ್ಕೆ ಇಟ್ರೆ ಟ್ಯಾಕ್ಸೇ ಉಳಿಯುತ್ತೆ, ವಯಸ್ಸಾದವರಿಗೆ ನನ್ನ ಸಲಹೆ ಇದೇ, ದುಡ್ಡೂ ಭದ್ರ ಇರುತ್ತೆ.

ಇನ್ನೊಂದು, ನಗರಸಭೆ ಇ-ಖಾತಾ ಆಗಿದ್ಯಾ? 2024ರ ಅಕ್ಟೋಬರ್‌ನಿಂದ ಅದಿಲ್ದೆ ರಿಜಿಸ್ಟ್ರೇಶನ್ ಆಗ್ತಿಲ್ಲ. ಅಗ್ರಿಮೆಂಟಿಗಿಂತ ಮೊದಲೇ ಮಾಡಿಸ್ಕೊಳ್ಳಿ. 2025ರ ಆಗಸ್ಟ್ 31ರಿಂದ ರಿಜಿಸ್ಟ್ರೇಶನ್ ಫೀ 1ರಿಂದ 2 ಪರ್ಸೆಂಟ್ ಆಗಿದೆ, ಅದು ಕೊಳ್ಳೋರ ಖರ್ಚು, ನಿಮ್ಮ ಮೇಲೆ ಹಾಕೋಕೆ ಬಂದ್ರೆ ಒಪ್ಪಬೇಡಿ.

ಪ್ರಶ್ನೆ: ಕುಮಟಾದಲ್ಲಿ ನನ್ನ ಒಂದು ಮಳಿಗೆ ಇದೆ, ತಿಂಗಳಿಗೆ 22,000 ಬಾಡಿಗೆ. ಬಾಡಿಗೆದಾರರಿಗೆ ಜಿಎಸ್‌ಟಿ ನಂಬರ್ ಇದೆ, ನನಗಿಲ್ಲ. ಹೊಸ ರೂಲ್ ಬಂದಿದೆ ಅಂತ 18 ಪರ್ಸೆಂಟ್ ಹಿಡ್ಕೊಂಡು ಉಳಿದಿದ್ದು ಕೊಡ್ತಿದ್ದಾರೆ. ಸರಿನಾ? — ಕುಮಟಾ ಓದುಗರು

ಉತ್ತರ: ಖಂಡಿತ ಸರಿಯಲ್ಲ. ರೂಲ್ ಬಂದಿದ್ದು ನಿಜ, 2024ರ ಅಕ್ಟೋಬರ್ 10ರಿಂದ. ಆದ್ರೆ ಅದು ಹೇಳೋದೇ ಬೇರೆ: ಮಾಲೀಕರಿಗೆ ನಂಬರ್ ಇಲ್ದೆ ಬಾಡಿಗೆದಾರರಿಗೆ ಇದ್ರೆ ಆ ಟ್ಯಾಕ್ಸನ್ನ ಬಾಡಿಗೆದಾರರೇ ತಮ್ಮ ಕೈಯಿಂದ ಸರ್ಕಾರಕ್ಕೆ ಕಟ್ಬೇಕು. ನಿಮ್ಮ 22,000 ನಿಮಗೆ ಪೂರ್ತಿ ಬರ್ಬೇಕು, ಅದರ ಮೇಲೆ 3,960 ಅವರು ಬೇರೆ ಕಟ್ಟೋದು. ಅವರದ್ದು ಸಾಮಾನ್ಯ ಜಿಎಸ್‌ಟಿ ವ್ಯಾಪಾರ ಆಗಿದ್ರೆ ಕಟ್ಟಿದ್ದನ್ನ ಇನ್‌ಪುಟ್ ಕ್ರೆಡಿಟ್ ಅಂತ ವಾಪಸ್ ಹೊಂದಿಸ್ಕೊಳ್ತಾರೆ, ಅಂದ್ರೆ ನಿಮ್ಮ ಹತ್ರ ಹಿಡ್ಕೊಂಡಿದ್ದು ಅವರ ಜೇಬಿಗೇ ಹೋಗ್ತಿದೆ. ಕಾಂಪೋಸಿಶನ್ ಸ್ಕೀಮಿನವರಾದ್ರೆ (ವ್ಯಾಪಾರದ ಮೇಲೆ ಒಂದು ಸಣ್ಣ ಪರ್ಸೆಂಟ್ ಮಾತ್ರ ಕಟ್ಟೋ ಸಣ್ಣ ವ್ಯಾಪಾರಿಗಳು) 2025ರ ಜನವರಿ 16ರಿಂದ ಬಾಡಿಗೆ ಮೇಲೆ ಈ ಟ್ಯಾಕ್ಸ್ ಅವರು ಕಟ್ಟೋದೂ ಬೇಕಿಲ್ಲ. ಟಿಡಿಎಸ್ (ಬಾಡಿಗೆ ಕೊಡುವಾಗಲೇ ಆದಾಯ ತೆರಿಗೆ ಅಂತ ಹಿಡ್ಕೊಳ್ಳೋದು) ಕೂಡ ತಿಂಗಳ ಬಾಡಿಗೆ 50,000 ದಾಟಿದ್ರೆ ಮಾತ್ರ. ಇಷ್ಟು ತಿಂಗಳು ಹಿಡ್ಕೊಂಡಿದ್ದರ ಲೆಕ್ಕ ಬರೆದು ಕೊಡಿ, ಜಗಳ ಬೇಡ, ಆದ್ರೆ ಬಿಡಬೇಡಿ.

ಪ್ರಶ್ನೆ: ನಮ್ಮ ಆಯಿ ಕಾರವಾರದಲ್ಲಿ ಮೀನು ಮಾರ್ತಾಳೆ. ಯುಪಿಐ ತಗೊಂಡ್ರೆ ಜಿಎಸ್‌ಟಿ ನೋಟಿಸ್ ಬರುತ್ತೆ ಅಂತ ಯಾರೋ ಹೆದ್ರಿಸಿ, ಕ್ಯೂಆರ್ ಕೋಡ್ ತೆಗೆದು ಒಳಗಿಟ್ಟಿದ್ದಾಳೆ, ಗಿರಾಕಿಗಳು ಬೇರೆ ಕಡೆ ಹೋಗ್ತಿದ್ದಾರೆ. — ಕಾರವಾರ ಓದುಗರು

ಉತ್ತರ: ಇವತ್ತೇ ವಾಪಸ್ ಹಾಕೋಕೆ ಹೇಳಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋಗಿತ್ತು, ಆ ಹೆದರಿಕೆ ಇನ್ನೂ ಇಳಿದಿಲ್ಲ. ಆದ್ರೆ ಟ್ಯಾಕ್ಸ್ ಇರೋದು ಮಾರೋ ವಸ್ತುವಿನ ಮೇಲೆ, ದುಡ್ಡು ಯಾವ ದಾರೀಲಿ ಬಂತು ಅನ್ನೋದರ ಮೇಲಲ್ಲ. ತಾಜಾ ಮೀನಿಗೆ ಜಿಎಸ್‌ಟಿ ಇಲ್ಲ, ಬರೀ ಅದನ್ನೇ ಮಾರೋರಿಗೆ ವ್ಯಾಪಾರ ಎಷ್ಟೇ ಇದ್ರೂ ನಂಬರ್ ಬೇಡ. ಜೊತೆಗೆ ಮಸಾಲೆ ಪ್ಯಾಕೆಟ್ಟು, ತಂಪು ಪಾನೀಯ ಇಟ್ರೆ ಮಾತ್ರ ಲೆಕ್ಕ ಬದಲಾಗುತ್ತೆ, ಆಗ ಮೀನಿನದ್ದೂ ಸೇರಿ ವರ್ಷಕ್ಕೆ 40 ಲಕ್ಷ ದಾಟಿದ್ರೆ ನೋಂದಣಿ ಬೇಕು. ಆದಾಯ ತೆರಿಗೆಗಂತೂ ಯುಪಿಐನಿಂದ ಅನುಕೂಲನೇ: ಅಂದಾಜು ಲಾಭ ತೋರ್ಸುವಾಗ ನಗದು ವ್ಯಾಪಾರಕ್ಕೆ 8 ಪರ್ಸೆಂಟ್, ಬ್ಯಾಂಕ್ ಮೂಲಕ ಬಂದಿದ್ದಕ್ಕೆ 6. 15 ಲಕ್ಷ ವ್ಯಾಪಾರ ಅಂದ್ರೂ ಆದಾಯ 90,000, ಟ್ಯಾಕ್ಸ್ ಏನೂ ಬರಲ್ಲ. ನೋಟಿಸ್ ಬಂದ್ರೂ ಹರಿದು ಹಾಕ್ಬೇಡಿ, ಮೀನು ಹಿಡಿದು ತಂದ ಅಥವಾ ಹರಾಜಿನಲ್ಲಿ ತಗೊಂಡ ಚೀಟಿ ಇಟ್ಕೊಂಡು ಉತ್ತರ ಕೊಡಿ.

ಪ್ರಶ್ನೆ: ಗೋಕರ್ಣದ ಹತ್ರ ಸಮುದ್ರಕ್ಕೆ 120 ಮೀಟರ್ ದೂರದಲ್ಲಿ ನಮ್ಮ ಹಳೇ ಮನೆ. ಹೋಂಸ್ಟೇ ಮಾಡಿ ಹಿಂದೆ ಎರಡು ರೂಮು ಕಟ್ಟಬಹುದಾ? — ಗೋಕರ್ಣ ಕಡೆಯ ಓದುಗರು

ಉತ್ತರ: ಹೋಂಸ್ಟೇ ಆಗುತ್ತೆ, ರೂಮು ಅನುಮಾನ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಪ್ರಕಾರ ಸ್ಥಳೀಯರು ಇರೋ ಮನೆಯ ಪಾಯದ ಅಳತೆ, ಮುಂಭಾಗ ಬದಲಿಸದೆ ಹೋಂಸ್ಟೇ ನಡೆಸಬಹುದು. ಕಟ್ಟೋದಾದ್ರೆ ನಿಮ್ಮ ಊರು ಯಾವ ವರ್ಗದಲ್ಲಿದೆ ನೋಡ್ಬೇಕು. ಜನ ದಟ್ಟವಾಗಿರೋ ಹಳ್ಳಿ, ಅಂದ್ರೆ 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಇದ್ರೆ 50 ಮೀಟರ್ ಒಳಗೆ ಮಾತ್ರ ನಿಷೇಧ, ಇಲ್ದಿದ್ರೆ 200 ಮೀಟರ್. ಅಳೆಯೋದು ಭರತದ ರೇಖೆಯಿಂದ, ಇಳಿತದಲ್ಲಿ ನೀರು ನಿಂತ ಜಾಗದಿಂದ ಅಲ್ಲ, ಇಲ್ಲೇ ಬಹಳ ಜನ ತಪ್ಪೋದು, 120 ಅಂದ್ಕೊಂಡಿದ್ದು 80 ಆಗಿರುತ್ತೆ. ಮೇಸ್ತ್ರಿಗೆ ಅಡ್ವಾನ್ಸ್ ಕೊಡೋದಕ್ಕಿಂತ ಮುಂಚೆ ಸರ್ವೆ ನಂಬರ್ ಹಿಡ್ಕೊಂಡು ಕಾರವಾರದ ಪರಿಸರ ಇಲಾಖೆ ಕಚೇರಿಗೆ ಹೋಗಿ, ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ನಿಮ್ಮ ಮನೆ ಎಲ್ಲಿ ಬರುತ್ತೆ ಅಂತ ತೋರಿಸಿ ಅನ್ನಿ.